ಅಪ್ಪನ್ನ ಬಾಸ್ಟನ್ನಿನ ಫೆನ್ವೇ ಪಾರ್ಕ್‌ಗೆ ಕರ್ಕೊಂಡು ಹೋಗ್ಬೇಕು, ಮ್ಯಾಚೇ ನೋಡ್ಸೋದಾ, ಬರೀ ಟೂರ್ ಸಾಕಾ?

ಮೂಡಿಗೆರೆ ಮಗಳು:
ಎಲ್ಲರಿಗೂ ನಮಸ್ಕಾರ. ನಮ್ದು ಮೂಡಿಗೆರೆ ಹತ್ರ, ನಾನು ಈಗಿರೋದು ಬಾಸ್ಟನ್ ಪಕ್ಕ. ಜೂನಲ್ಲಿ ಅಪ್ಪ ಅಮ್ಮ ಬರ್ತಿದಾರೆ. ಅಪ್ಪಂಗೆ ಕ್ರಿಕೆಟ್ ಅಂದ್ರೆ ಪ್ರಾಣ, ವಯಸ್ಸಲ್ಲಿ ತಾಲ್ಲೂಕ್ ಟೂರ್ನಮೆಂಟಲ್ಲಿ ಫಾಸ್ಟ್ ಬೌಲಿಂಗ್ ಮಾಡ್ತಿದ್ರು, ಜಾವಗಲ್ ಶ್ರೀನಾಥ್ ಬಗ್ಗೆ ಮಾತು ಶುರುವಾದ್ರೆ ಊಟ ಆರಿದ್ರೂ ಏಳಲ್ಲ. ಇಲ್ಲಿನ ಫೆನ್ವೇ ಪಾರ್ಕ್ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಸ್ಟೇಡಿಯಂಗಳಲ್ಲೇ ಅತೀ ಹಳೇದು ಅಂತ ಕೇಳಿದೀನಿ, ಅವ್ರಿಗೆ ತೋರಿಸ್ಲೇಬೇಕು ಅಂತ ಆಸೆ. ಆದ್ರೆ ಬೇಸ್‌ಬಾಲ್ ಅವ್ರಿಗೆ ಗೊತ್ತಿಲ್ಲ, ನಂಗೂ ಅಷ್ಟಕ್ಕಷ್ಟೆ, ಜೊತೆಗೆ ಅಪ್ಪಂಗೆ ಮಂಡಿ ನೋವು, ಅಮ್ಮ ಪೂರ್ತಿ ವೆಜ್. ಹೋಗಿ ಬಂದವ್ರು ಯಾರಾದ್ರೂ ಹೇಳಿ ಪ್ಲೀಸ್.

ಹಾಸನ್ ಹೈದ:
ಅಕ್ಕ, ಮ್ಯಾಚ್ ನೋಡ್ಸಿ, ಟೂರ್ ಬೇಕಿದ್ರೆ ಇನ್ನೊಂದು ದಿನ ಇಟ್ಕೊಳ್ಳಿ. ಆ ಜಾಗ ಜನ ತುಂಬಿದಾಗ್ಲೇ ನೋಡ್ಬೇಕು. 1912ರ ಏಪ್ರಿಲ್ 20ಕ್ಕೆ ಶುರುವಾಗಿದ್ದು, ಟೈಟಾನಿಕ್ ಮುಳುಗಿ ಇನ್ನೂ ವಾರ ಆಗಿರ್ಲಿಲ್ಲ, ಅವತ್ತಿಂದ ಇವತ್ತಿನವರೆಗೂ ಬಾಸ್ಟನ್ ಟೀಮು ರೆಡ್ ಸಾಕ್ಸ್ ಅಲ್ಲೇ ಆಡ್ತಿದೆ. ಊರ ಮಧ್ಯ ರಸ್ತೆಗಳ ನಡುವೆ ಸಿಕ್ಕಷ್ಟು ಜಾಗದಲ್ಲಿ ಕಟ್ಟಿರೋದ್ರಿಂದ ಮೈದಾನ ಸೊಟ್ಟಪಟ್ಟ ಇದೆ, ಎಡಗಡೆ ಲ್ಯಾನ್ಸ್‌ಡೌನ್ ಸ್ಟ್ರೀಟ್ ಅಡ್ಡ ಬಂದಿದ್ದಕ್ಕೆ ಬೌಂಡರಿ ಬರೀ 310 ಅಡಿಗೇ ಮುಗಿಯುತ್ತೆ, ಅದಕ್ಕೇ ಅಲ್ಲಿ 37 ಅಡಿ ಎತ್ತರದ ಗೋಡೆ. ಗ್ರೀನ್ ಮಾನ್‌ಸ್ಟರ್ ಅಂತಾರಲ್ಲ ಅದೇ. ಮೊದಲು ಅದರ ಮೇಲೆಲ್ಲಾ ಜಾಹೀರಾತು ಇತ್ತು, 1947ರಲ್ಲಿ ಅವನ್ನ ತೆಗೆದು ಹಸಿರು ಬಣ್ಣ ಹೊಡೆದ್ರು. ಬೇರೆ ಮೈದಾನದಲ್ಲಿ ಈಸಿ ಕ್ಯಾಚ್ ಆಗೋ ಬಾಲ್ ಇಲ್ಲಿ ಗೋಡೆ ದಾಟಿ ಹೋಂ ರನ್ (ನಮ್ಮ ಸಿಕ್ಸರ್ ತರ) ಆಗುತ್ತೆ, ಬೇರೆ ಕಡೆ ಹೋಂ ರನ್ ಆಗೋ ನೇರ ಹೊಡೆತ ಇಲ್ಲಿ ಗೋಡೆಗೆ ಬಡಿದು ವಾಪಸ್ ಬರುತ್ತೆ, ಬ್ಯಾಟ್ಸ್‌ಮನ್ ಎರಡನೇ ಬೇಸಲ್ಲಿ, ಅಂದ್ರೆ ರನ್‌ಗೆ ಸುತ್ತಿ ಓಡೋ ದಾರೀಲಿ ಅರ್ಧಕ್ಕೇ, ನಿಲ್ಬೇಕು. ನಿಮ್ಮಪ್ಪ ಆಡ್ದವ್ರು, ಈ ಸೂಕ್ಷ್ಮ ಅವ್ರಿಗೆ ಹತ್ತು ನಿಮಿಷದಲ್ಲಿ ಹಿಡಿಯುತ್ತೆ.

ಇನ್ನೊಂದು, ಆ ಗೋಡೆ ಬುಡದಲ್ಲಿರೋ ಸ್ಕೋರ್‌ಬೋರ್ಡ್ 1934ರದ್ದು, ಇವತ್ತಿಗೂ ಗೋಡೆ ಒಳಗೆ ಜನ ಕೂತು ಕೈಯಲ್ಲೇ ನಂಬರ್ ಹಾಕ್ತಾರೆ. ನಮ್ಮೂರ ಟೂರ್ನಮೆಂಟಲ್ಲಿ ಹುಡುಗ್ರು ಮೊಳೆಗೆ ತಗಡಿನ ನಂಬರ್ ನೇತುಹಾಕ್ತಿದ್ರಲ್ಲ, ಹಂಗೇ. ಅಪ್ಪಂಗೆ ಅದನ್ನ ಮರೀದೆ ತೋರ್ಸಿ.

ಕಾಫಿ ಕಣ:
ಹೈದ ಹೇಳಿದ್ದೆಲ್ಲಾ ಸರಿ, ಆದ್ರೆ ಮಂಡಿ ನೋವಿರೋರ್ನ ಕರ್ಕೊಂಡು ಹೋಗೋರು ಸೀಟ್ ನೋಡ್ದೆ ಟಿಕೆಟ್ ತಗೋಬಾರ್ದು ಮಾರಾಯ್ರೆ, ನಾನು ಅತ್ತೆ ಮಾವನ್ನ ಕರ್ಕೊಂಡು ಹೋಗಿದ್ದೆ ಅದಕ್ಕೆ ಹೇಳ್ತಿದೀನಿ. ಗ್ರ್ಯಾಂಡ್‌ಸ್ಟ್ಯಾಂಡ್ ಅನ್ನೋ ಭಾಗದಲ್ಲಿ ಹಳೇ ಕಾಲದ ಮರದ ಸೀಟು, ಇಕ್ಕಟ್ಟು, ಕಾಲು ಚಾಚೋಕೆ ಜಾಗ ಇಲ್ಲ, ಯಾರಾದ್ರೂ ಎದ್ದು ಹೋಗ್ಬೇಕಂದ್ರೆ ಇಡೀ ಸಾಲು ಏಳ್ಬೇಕು. ಜೊತೆಗೆ ಚಾವಣಿ ಹೊತ್ತಿರೋ ಕಬ್ಬಿಣದ ಕಂಬಗಳು, ಕೆಲವು ಸೀಟಲ್ಲಿ ಕೂತ್ರೆ ಕಂಬದ ಹಿಂದೆ ಬಾಲ್ ಎಸೆಯೋ ಪಿಚರ್ರೇ ಕಾಣಲ್ಲ. ಟಿಕೆಟ್ ಮೇಲೆ ‘ಅಬ್‌ಸ್ಟ್ರಕ್ಟೆಡ್ ವ್ಯೂ’ ಅಂತಿದ್ರೆ ಎಷ್ಟೇ ಕಮ್ಮಿ ರೇಟ್ ಇದ್ರೂ ಬೇಡ. ಬಲಗಡೆ ಕೊನೇ ಸೆಕ್ಷನ್‌ಗಳಲ್ಲಿ ಸೀಟಿನ ಮುಖಾನೇ ಔಟ್‌ಫೀಲ್ಡ್ ಕಡೆ ಇರುತ್ತೆ, ಇಡೀ ಮ್ಯಾಚ್ ಕತ್ತು ತಿರುಗಿಸ್ಕೊಂಡೇ ಕೂರ್ಬೇಕು. ಸಾಲಿನ ತುದಿ ಸೀಟ್ ಸಿಕ್ರೆ ಅಪ್ಪಂಗೆ ಕೊಡಿ.

ಅಮ್ಮಂಗೆ ಕಡಲೆಕಾಯಿ, ಪಾಪ್‌ಕಾರ್ನ್, ಪ್ರೆಟ್ಜೆಲ್, ಫ್ರೆಂಚ್ ಫ್ರೈಸ್ ಸಿಗುತ್ತೆ. ಫೆನ್ವೇ ಫ್ರಾಂಕ್ ಅಂತ ಎಲ್ಲರೂ ಹೊಗಳೋದು ಮಾಂಸದ ಹಾಟ್ ಡಾಗ್, ಅದು ಅವ್ರಿಗಾಗಲ್ಲ. ಮನೇಲೇ ಊಟ ಮುಗಿಸ್ಕೊಂಡು ಹೊರಡೋದು ವಾಸಿ.

ಅರಸೀಕೆರೆ ಎಕ್ಸ್‌ಪ್ರೆಸ್:
ಫಾಸ್ಟ್ ಬೌಲರ್‌ಗೆ ಬೇಸ್‌ಬಾಲ್ ಅರ್ಥ ಮಾಡ್ಸೋಕೆ ಪಿಚರ್‌ನಿಂದ ಶುರು ಮಾಡಿ ಮೇಡಂ, ರೂಲ್ಸ್ ಎಲ್ಲಾ ಆಮೇಲೆ. ನಮ್ಮ ಪಿಚ್ 66 ಅಡಿ, ಇಲ್ಲಿ ಪಿಚರ್ ನಿಲ್ಲೋದು ಬ್ಯಾಟರ್‌ಗೆ 60 ಅಡಿ 6 ಇಂಚು ದೂರದಲ್ಲಿ, ಓಡಿ ಬರೋ ಹಂಗಿಲ್ಲ, ನಿಂತಲ್ಲಿಂದ್ಲೇ 150 ಕಿಲೋಮೀಟರ್ ವೇಗ ದಾಟಿಸ್ತಾರೆ, ಬಾಲ್ ನೆಲಕ್ಕೆ ಬೀಳೋದೇ ಇಲ್ಲ, ಗಾಳಿಯಲ್ಲೇ ತಿರುಗ್ಬೇಕು. ನಮ್ಮಲ್ಲಿ ಬ್ಯಾಟ್ಸ್‌ಮನ್ ಸುತ್ತ ಎಲ್ಲಿ ಬೇಕಾದ್ರೂ ಹೊಡೀಬಹುದು, ಇಲ್ಲಿ ಮುಂದಿನ ಎರಡು ಗೆರೆ ಮಧ್ಯ ಮಾತ್ರ, ಹಿಂದೆ ಹೋದ್ರೆ ಫೌಲ್. ಬೀಸಿ ತಪ್ಪಿದ್ರೆ, ಇಲ್ಲಾ ಹೊಡೀಬಹುದಾದ ಬಾಲ್ ಬಿಟ್ರೆ ಸ್ಟ್ರೈಕ್, ಮೂರು ಸ್ಟ್ರೈಕ್‌ಗೆ ಔಟ್, ಮೂರು ಔಟ್‌ಗೆ ಪಾಳಿ ಬದಲು, ಹಿಂಗೆ ಒಂಬತ್ತು ಇನ್ನಿಂಗ್ಸ್. ಇಷ್ಟು ಗೊತ್ತಿದ್ರೆ ಸಾಕು, ಮಿಕ್ಕಿದ್ದು ಪಕ್ಕದಲ್ಲಿ ಕೂತೋರೇ ಹೇಳ್ಕೊಡ್ತಾರೆ, ಬಾಸ್ಟನ್ ಜನಕ್ಕೆ ಅದು ಹೇಳೋದಂದ್ರೆ ಖುಷಿ.

ಬಲಗಡೆ ಬ್ಲೀಚರ್ಸಲ್ಲಿ (ಔಟ್‌ಫೀಲ್ಡ್ ಹಿಂದಿನ ಚಾವಣಿ ಇಲ್ಲದ ಸೀಟುಗಳು) ಹಸಿರು ಸೀಟುಗಳ ಮಧ್ಯ ಒಂದೇ ಒಂದು ಕೆಂಪು ಸೀಟಿದೆ, ಸೆಕ್ಷನ್ 42, ಸಾಲು 37, ಸೀಟು 21. ರೆಡ್ ಸಾಕ್ಸ್ ಬ್ಯಾಟರ್ ಟೆಡ್ ವಿಲಿಯಮ್ಸ್ 1946ರ ಜೂನ್ 9ಕ್ಕೆ ಹೊಡೆದ ಬಾಲ್ 502 ಅಡಿ, ಅಂದ್ರೆ 153 ಮೀಟರ್, ಹಾರಿ ಅಲ್ಲಿ ಕೂತಿದ್ದೋರ ಹುಲ್ಲಿನ ಟೋಪಿ ಮೇಲೆ ಬಿತ್ತು. ವಿಲಿಯಮ್ಸ್ ಯುದ್ಧಕ್ಕೆ ಅಂತ ಮೂರು ಸೀಸನ್ ಆಟ ಬಿಟ್ಟು ಹೋಗಿ ವಾಪಸ್ ಬಂದ ವರ್ಷ ಅದು, ನಂಗೆ ಆ ಸೀಟ್ ನೋಡಿದಾಗೆಲ್ಲಾ ಮೈ ಜುಂ ಅನ್ನುತ್ತೆ. ಹಂಗೇ ರೆಡ್ ಸಾಕ್ಸಲ್ಲಿದ್ದ ದೊಡ್ಡ ಆಟಗಾರ ಬೇಬ್ ರೂತ್ ಕಥೆನೂ ಹೇಳಿ: 1918ರಲ್ಲಿ ಕಪ್ ಗೆದ್ದ ಟೀಮು, 1919ರ ಕೊನೇಲಿ ಅವ್ರನ್ನ ನ್ಯೂಯಾರ್ಕ್ ಟೀಮು ಯಾಂಕೀಸ್‌ಗೆ ಮಾರ್ತು, ಆಮೇಲೆ ಆ ಕಪ್, ಅಂದ್ರೆ ವರ್ಲ್ಡ್ ಸೀರೀಸ್, ಗೆದ್ದಿದ್ದು 2004ಕ್ಕೇ. ಅಷ್ಟು ವರ್ಷ ಗೆಲ್ದೇ ಇದ್ರೂ ಜನ ಟೀಮ್ ಬಿಡ್ಲಿಲ್ಲ.

ಮೂಡಿಗೆರೆ ಮಗಳು:
ತುಂಬಾ ಥ್ಯಾಂಕ್ಸ್ ಎಲ್ರಿಗೂ, ಕೆಂಪು ಸೀಟಿನ ವಿಷ್ಯ ಫೋನಲ್ಲಿ ಹೇಳಿದ್ದಕ್ಕೇ ಅಪ್ಪ ಹತ್ತು ಪ್ರಶ್ನೆ ಕೇಳಿದ್ರು. ಮ್ಯಾಚೇ ಅಂತ ಫಿಕ್ಸ್. ಸೀಟು ಮೂರನೇ ಬೇಸ್ ಕಡೆ (ಬ್ಯಾಟರ್ ಎಡಗಡೆ) ತಗೊಳ್ಳೋದಾ, ಮೊದಲನೇ ಬೇಸ್ ಕಡೆನಾ (ಬಲಗಡೆ)? ಟ್ರೈನಲ್ಲಿ ಹೋದ್ರೆ ನಡಿಯೋದು ಜಾಸ್ತಿನಾ?

ಕಾಫಿ ಕಣ:
ಸಂಜೆ ಮ್ಯಾಚಾದ್ರೆ ಮೂರನೇ ಬೇಸ್ ಕಡೆ ಬೇಗ ನೆರಳು ಬೀಳುತ್ತೆ, ಸೂರ್ಯ ಆ ಕಡೆ ಹಿಂದೆನೇ ಮುಳುಗೋದು, ಜೂನಲ್ಲಿ ಎಂಟು ಗಂಟೆ ದಾಟಿದ್ರೂ ಬೆಳಕಿರುತ್ತೆ. ಆದ್ರೆ ಗ್ರೀನ್ ಮಾನ್‌ಸ್ಟರ್ ಎದುರಿಗೇ ಕಾಣ್ಬೇಕಂದ್ರೆ ಮೊದಲನೇ ಬೇಸ್ ಕಡೆ, ಬ್ಯಾಟರ್ ನಿಲ್ಲೋ ಹೋಂ ಪ್ಲೇಟ್‌ಗೆ ಹತ್ತಿರ. ಅಪ್ಪಂಗೋಸ್ಕರ ಅಂದ್ರೆ ನಾನು ಅದನ್ನೇ ತಗೋತೀನಿ, ಬಿಸಿಲಿಗೆ ಒಂದು ಟೋಪಿ ಸಾಕು. ಯಾಂಕೀಸ್ ಜೊತೆ ಮ್ಯಾಚಿದ್ರೆ ರೇಟ್ ಏರಿರುತ್ತೆ, ವಾರದ ಮಧ್ಯ ಬೇರೆ ಟೀಮ್ ನೋಡಿ. ಗ್ರೀನ್ ಲೈನಲ್ಲಿ ಕೆನ್ಮೋರ್ ಸ್ಟೇಷನ್ನಲ್ಲಿ ಇಳೀರಿ, ಅಲ್ಲಿಂದ ಸ್ವಲ್ಪನೇ ನಡಿಗೆ. ಮ್ಯಾಚ್ ಮುಗಿದ ತಕ್ಷಣ ಸ್ಟೇಷನ್ ಮೆಟ್ಟಿಲಲ್ಲಿ ಜನ ತುಂಬಿರ್ತಾರೆ, ರಶ್ ಕರಗೋವರೆಗೂ ಅಪ್ಪನ್ನ ಒಳಗೇ ಸೀಟಲ್ಲಿ ಕೂರ್ಸಿ. ರಾತ್ರಿ ಗಾಳಿ ತಣ್ಣಗಿರುತ್ತೆ, ಅಮ್ಮಂಗೆ ಸ್ವೆಟರ್ ತಗೊಂಡು ಹೋಗಿ. ಬ್ಯಾಗ್ ರೂಲ್ಸ್ ಸ್ಟ್ರಿಕ್ಟ್, ಟಿಕೆಟ್ ಜೊತೆಗೇ ಅದನ್ನೂ ಚೆಕ್ ಮಾಡ್ಕೊಳ್ಳಿ.