ಹೊಸ ವೆಬ್‌ಸೈಟ್ ಹಾಕಿದ ಮೇಲೆ ಗೂಗಲ್‌ನಿಂದ ಜನ ಬರೋದೇ ನಿಂತಿದೆ (ಮುಕ್ಕಾಲು ಪಾಲು ಪರಿಹಾರ ಆಗಿದೆ)

ಮಿಡಿಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಹತ್ತಿರ ಮನೆಯಲ್ಲೇ ನಡೆಸುವ ಸಣ್ಣ ವ್ಯಾಪಾರ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿಬೆಲ್ಲ, ಮುರುಗಲು ಸಿಪ್ಪೆ. ಮಾಡುವುದು ಅತ್ತೆ ಮತ್ತು ಪಕ್ಕದ ಮನೆಯ ಇಬ್ಬರು. ಆರ್ಡರ್, ಕೊರಿಯರ್, ವೆಬ್‌ಸೈಟ್ ನನ್ನ ತಲೆ ಮೇಲೆ.

2017ರಿಂದ ಒಂದು ವರ್ಡ್‌ಪ್ರೆಸ್ ಸೈಟ್ ಇತ್ತು. ನೋಡೋಕೆ ಹಳೇ ಕ್ಯಾಲೆಂಡರ್ ಥರ. ಆದರೂ ದಿನಕ್ಕೆ 50-60 ಜನ ಗೂಗಲ್‌ನಿಂದ ಬರುತ್ತಿದ್ದರು. ಈ ಜೂನ್ 14ಕ್ಕೆ ಹೊಸ ಸೈಟ್ ಹಾಕಿಸಿದೆವು. ಚೆನ್ನಾಗಿದೆ, ಮುಟ್ಟಿದರೆ ಜಾರುತ್ತೆ, ಜಾಡಿಗಳು ತಿರುಗುತ್ತವೆ. ಜನ ಮಾತ್ರ ದಿನಕ್ಕೆ 4-5.

ಮಾಡಿಕೊಟ್ಟವರನ್ನು ಕೇಳಿದರೆ "ಈಗ ಎಐ ಬಂದಿದೆ, ಎಲ್ಲರದ್ದೂ ಬಿದ್ದಿದೆ" ಅಂತಾರೆ. ಇನ್ನೊಬ್ಬರು ಫೋನ್ ಮಾಡಿ ತಿಂಗಳಿಗೆ 18 ಸಾವಿರ ಕೊಟ್ಟರೆ 30 ದಿನದಲ್ಲಿ ಮೊದಲ ಪುಟ ಗ್ಯಾರಂಟಿ ಅಂದರು. ಕೊಡಬೇಕಾ? 18 ಸಾವಿರ ಅಂದರೆ ಎಷ್ಟು ಜಾಡಿ ಉಪ್ಪಿನಕಾಯಿ ಅಂತ ಲೆಕ್ಕ ಹಾಕುತ್ತಾ ಕೂತಿದ್ದೇನೆ.

ಬೆಣ್ಣೆದೋಸೆ:
ಎಸ್‌ಇಒ (ಗೂಗಲ್‌ನಲ್ಲಿ ಮೇಲೆ ಬರಲು ಮಾಡೋ ಕೆಲಸ) ಸತ್ತುಹೋಯ್ತು. ಇನ್‌ಸ್ಟಾದಲ್ಲಿ ರೀಲ್ಸ್ ಮಾಡಿ. ಅತ್ತೆ ಮಿಡಿ ತೊಳೆಯೋ ವಿಡಿಯೋ ಹಾಕಿದರೆ ಸಾಕು.

ಕೋಡುಬಳೆ:
ರೀಲ್ಸ್ ಮಾಡಲಿ, ಬೇಡ ಅನ್ನಲ್ಲ. ಆದರೆ ಇದು ಎಐ ಕೆಲಸ ಅಂತ ನನಗೆ ಅನ್ನಿಸುತ್ತಿಲ್ಲ. ಗೂಗಲ್‌ನ ಎಐ ಓವರ್‌ವ್ಯೂ (ಹುಡುಕಿದಾಗ ಮೇಲೆ ಎಐ ಬರೆದು ಕೊಡೋ ಉತ್ತರ) ಭಾರತಕ್ಕೆ ಬಂದಿದ್ದು 2024ರ ಆಗಸ್ಟ್‌ನಲ್ಲಿ. ಅದರಿಂದ ಪಾಠ ಹೇಳುವ, ಮಾಹಿತಿ ಕೊಡುವ ಸೈಟ್‌ಗಳಿಗೆ ಪೆಟ್ಟು ಬಿದ್ದಿರೋದು ನಿಜ. ಆದರೆ ಜಾಡಿ ಕೊಳ್ಳಲು ಬಂದವರಿಗೆ ಎಐ ಉತ್ತರ ಓದಿದರೆ ಬಾಯಿ ಚಪ್ಪರಿಸಲು ಆಗಲ್ಲ ಅಲ್ವಾ?

18 ಸಾವಿರ ಸದ್ಯಕ್ಕೆ ಡಬ್ಬಿಯಲ್ಲೇ ಇರಲಿ. ಮೊದಲ ಸ್ಥಾನವನ್ನು ಯಾರೂ ಗ್ಯಾರಂಟಿ ಕೊಡಲಾಗದು ಅಂತ ಗೂಗಲ್ಲೇ ಬರೆದಿದೆ. ಮೊದಲು ಇಷ್ಟು ಹೇಳಿ:

ಜನ ಒಂದೇ ಸಲ ಕಮ್ಮಿ ಆದರಾ, ತಿಂಗಳುಗಟ್ಟಲೆ ಇಳಿದರಾ? ಸರ್ಚ್ ಕನ್ಸೋಲ್‌ನಲ್ಲಿ (ಸೈಟ್ ನಡೆಸುವವರಿಗೆ ಗೂಗಲ್ ಕೊಡೋ ಲೆಕ್ಕದ ಪುಸ್ತಕ) 16 ತಿಂಗಳ ಲೆಕ್ಕ ಇರುತ್ತೆ. ಕಳೆದ ಜೂನ್-ಜುಲೈ ಪಕ್ಕದಲ್ಲಿ ಈ ಜೂನ್-ಜುಲೈ ಇಟ್ಟು ನೋಡಿ. ಉಪ್ಪಿನಕಾಯಿ ಸೀಸನ್ ವ್ಯಾಪಾರ, ಮೇ ತಿಂಗಳ ಜೊತೆ ಹೋಲಿಸಿದರೆ ಮೋಸ ಹೋಗ್ತೀರಿ. ಆಮೇಲೆ "ಪೇಜಸ್" ವರದಿ ತೆಗೆದು ಅಲ್ಲಿ ಏನೇನು ಕಾರಣ ಬರೆದಿದೆ ಅಂತ ಹಾಗೇ ಇಲ್ಲಿ ಹಾಕಿ. ಒಂದು ಪ್ರಾಡಕ್ಟ್ ಪುಟದ ಹಳೇ ವಿಳಾಸ, ಹೊಸ ವಿಳಾಸ ಎರಡೂ ಬೇಕು.

ಮಿಡಿಮನೆ:
ಸರ್ಚ್ ಕನ್ಸೋಲ್ ಹಳೇ ಡೆವಲಪರ್ ಇಮೇಲಿನಲ್ಲಿತ್ತು! ಪುಣ್ಯಕ್ಕೆ ಡೊಮೇನ್ ನಮ್ಮ ಹೆಸರಲ್ಲೇ ಇದೆ. ಡೊಮೇನ್ ನಮ್ಮದೇ ಅಂತ ತೋರಿಸಲು ಅದರ ಸೆಟ್ಟಿಂಗ್‌ನಲ್ಲಿ (ಡಿಎನ್‌ಎಸ್) ಒಂದು ಟಿಎಕ್ಸ್‌ಟಿ ಸಾಲು ಸೇರಿಸಿ ನನ್ನ ಇಮೇಲಿಗೆ ತಗೊಂಡೆ. ಹಳೇ ಲೆಕ್ಕವೂ ಕಾಣಿಸ್ತಿದೆ.

ಕಳೆದ ಜೂನ್-ಜುಲೈನಲ್ಲಿ ದಿನಕ್ಕೆ 55ರ ಆಸುಪಾಸು. ಈ ವರ್ಷ ಜೂನ್ 14ರವರೆಗೂ ಅಷ್ಟೇ ಇತ್ತು. ಆಮೇಲೆ ಹತ್ತೇ ದಿನದಲ್ಲಿ ನೆಲ ಕಚ್ಚಿದೆ.

ಪೇಜಸ್ ವರದಿಯಲ್ಲಿ "ಸಿಗಲಿಲ್ಲ, 404" ಅಂತ 38 ಪುಟ. ಇಂಡೆಕ್ಸ್ ಆಗಿರೋದು (ಗೂಗಲ್ ಪಟ್ಟಿಗೆ ಸೇರಿರೋದು) 1 ಪುಟ ಮಾತ್ರ.

ಹಳೇ ವಿಳಾಸ ನಮ್ಮ ಡೊಮೇನ್ ಆದ ಮೇಲೆ /ಪ್ರಾಡಕ್ಟ್/ಹಪ್ಪಳ ಅಂತ ಇತ್ತು (ಇಂಗ್ಲಿಷ್ ಅಕ್ಷರದಲ್ಲಿ). ಈಗ /#/ಹಪ್ಪಳ ಅಂತ ಇದೆ.

ಕೋಡುಬಳೆ:
ಆ # ನೋಡಿದ ತಕ್ಷಣ ಹಣೆ ಚಚ್ಚಿಕೊಂಡೆ. ಸ್ವಲ್ಪ ಉದ್ದ ಬರೀತೀನಿ, ಕಾಫಿ ಇಟ್ಕೊಳ್ಳಿ.

ವಿಳಾಸದಲ್ಲಿ # ಬಂದ ಮೇಲಿನ ಭಾಗ ಸರ್ವರ್‌ಗೆ ಹೋಗೋದೇ ಇಲ್ಲ. ಒಂದೇ ಪುಟದೊಳಗೆ ಕೆಳಗಿನ ಪ್ಯಾರಾಗೆ ಹಾರಲಿ ಅಂತ ಮಾಡಿದ ಗುರುತು ಅದು. ಹಾಗಾಗಿ ಗೂಗಲ್ ಅದನ್ನು ಬೇರೆ ಪುಟ ಅಂತ ಲೆಕ್ಕ ಹಿಡಿಯುವುದಿಲ್ಲ. ಜೋನಿಬೆಲ್ಲ, ಹಪ್ಪಳ, ಉಪ್ಪಿನಕಾಯಿ ಎಲ್ಲವೂ ಅದರ ಕಣ್ಣಿಗೆ ಒಂದೇ ಮುಖಪುಟ. ಇಂಡೆಕ್ಸ್‌ನಲ್ಲಿ 1 ಇರೋದು ಅದಕ್ಕೇ. ಅಂಗಡಿಯ 38 ಬಾಗಿಲು ಮುಚ್ಚಿ, ಎಲ್ಲ ಸಾಮಾನನ್ನೂ ಜಗುಲಿಗೆ ತಂದು ಸುರಿದ ಹಾಗೆ ಆಗಿದೆ.

ನಿಮ್ಮ ಸೈಟ್ ಕಟ್ಟಿರೋದು ರಿಯಾಕ್ಟ್ ಅನ್ನೋ ಜಾವಾಸ್ಕ್ರಿಪ್ಟ್ ಸಲಕರಣೆಯಲ್ಲಿ, ತಪ್ಪು ಅದರದಲ್ಲ. ಗೂಗಲ್ ಜಾವಾಸ್ಕ್ರಿಪ್ಟ್ ಓಡಿಸಿ ನೋಡುತ್ತೆ, ಕೆಲವೊಮ್ಮೆ ತಡವಾಗಿ. ಅದರ ರೂಟರ್‌ನಲ್ಲಿ (ಪುಟಗಳಿಗೆ ವಿಳಾಸ ಹಂಚುವ ಭಾಗ) # ಇಲ್ಲದ ಮಾಮೂಲಿ ವಿಳಾಸ ಕೊಡುವ ಆಯ್ಕೆ ಇದ್ದೇ ಇದೆ. ಸರ್ವರ್ ಸೆಟ್ಟಿಂಗ್ ಬದಲಿಸುವ ಕೆಲಸ ತಪ್ಪಲಿ ಅಂತ # ಹಾಗೇ ಇಟ್ಟಿರುತ್ತಾರೆ. ನನ್ನ ಕೇಳಿದರೆ, 40 ಪುಟದ ಉಪ್ಪಿನಕಾಯಿ ಅಂಗಡಿಗೆ ಇಷ್ಟೆಲ್ಲ ಬೇಕಿರಲಿಲ್ಲ. ಮೊದಲೇ ತಯಾರಾದ ಎಚ್‌ಟಿಎಂಎಲ್ ಪುಟ ಸಾಕಿತ್ತು. ಆದರೆ ದುಡ್ಡು ಕೊಟ್ಟಾಗಿದೆ, ಇರೋದನ್ನೇ ಸರಿ ಮಾಡಿಸೋಣ.

ಡೆವಲಪರ್‌ಗೆ ಹೀಗೆ ಹೇಳಿ: # ತೆಗೆಯಿರಿ, ಮತ್ತು ಹಳೇ ವಿಳಾಸಗಳನ್ನೇ ಹೊಸ ಪುಟಗಳಿಗೆ ಕೊಡಿ. ಜನ ಹೆಚ್ಚಾಗಿ 301 ರೀಡೈರೆಕ್ಟ್ (ಹಳೇ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಾಯಂ ಆಗಿ ಕಳಿಸೋದು) ಬಗ್ಗೆ ಮಾತಾಡ್ತಾರೆ. ವಿಳಾಸವನ್ನೇ ಬದಲಿಸದಿದ್ದರೆ ಅದರ ತಲೆನೋವೇ ಇಲ್ಲ. ಎಲ್ಲಿ ಎರಡು ಪುಟ ಸೇರಿ ಒಂದಾಗಿದೆಯೋ ಅಲ್ಲಿಗೆ ಮಾತ್ರ 301 ಹಾಕಿಸಿ. ಕಡಿಮೆ ಅಂದರೂ ಒಂದು ವರ್ಷ ಅದು ಇರಲಿ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿ ಕೈ ತೊಳೆದುಕೊಳ್ಳಲು ಬಿಡಬೇಡಿ. ಅದನ್ನು ಗೂಗಲ್ 404 ಥರವೇ ನೋಡುತ್ತೆ.

ಹಳೇ ವಿಳಾಸಗಳ ಪಟ್ಟಿ ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿಯಲ್ಲೇ ಇದೆ. ಅಲ್ಲಿ ಸಿಗದ್ದು ಹಳೇ ವೆಬ್ ಪುಟಗಳ ಪ್ರತಿ ಇಟ್ಟಿರುವ ವೇಬ್ಯಾಕ್ ಮಷೀನ್‌ನಲ್ಲಿ ಸಿಗಬಹುದು.

ಎಂಟೂವರೆ_ಲೋಕಲ್:
404 ಪಟ್ಟಿಯಲ್ಲಿ ಜೋನಿಬೆಲ್ಲ ಇದೆಯಾ ನೋಡಿ. ನಾನು ಈಗ ಸೈಟ್ ತೆಗೆದೆ, ಅದು ಕ್ಯಾಟಲಾಗ್‌ನಲ್ಲೇ ಕಾಣಿಸ್ತಿಲ್ಲ.

ಮಿಡಿಮನೆ:
ಈಗ ಸ್ಟಾಕ್ ಇಲ್ಲ ಅಂತ ತೆಗೆಸಿದೆ. ಆಲೆಮನೆ ಮುಗಿದು ಎಷ್ಟೋ ತಿಂಗಳಾಯ್ತು.

ಎಂಟೂವರೆ_ಲೋಕಲ್:
ತೆಗೀಬೇಡಿ. ಪುಟ ಇರಲಿ, "ಈಗ ಇಲ್ಲ, ಇಂಥ ತಿಂಗಳು ಬರುತ್ತೆ" ಅಂತ ಬರೆಯಿರಿ. ಸೀಸನ್ ಬಂದಾಗಲೆಲ್ಲ ಹೊಸ ಪುಟ ಮಾಡಿದರೆ ಪ್ರತಿ ವರ್ಷ ಸೊನ್ನೆಯಿಂದ ಶುರು. ನಾನು ಮೂರು ವರ್ಷ ಮಾವಿನಹಣ್ಣಿನ ಪುಟಕ್ಕೆ ಇದೇ ಮಾಡಿ ಕಲಿತೆ.

ಕೀಲಿಮಣೆ:
ಅದೆಲ್ಲ ಸರಿ, ನನಗೆ ಇನ್ನೊಂದು ಅನುಮಾನ. ಮಿಡಿಮನೆಯವರೇ, ನಿಮ್ಮ ಹೊಸ ಸೈಟಿನ "ನಮ್ಮ ಬಗ್ಗೆ" ಪುಟದಿಂದ ಯಾವುದಾದರೂ ಒಂದು ಕನ್ನಡ ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿ. ಏನು ಬಂತು ಹೇಳಿ.

ಮಿಡಿಮನೆ:
ಅಯ್ಯೋ. ಇಂಗ್ಲಿಷ್ ಎ ತಲೆ ಮೇಲೆ ಟೋಪಿ, ಜಪಾನ್ ದುಡ್ಡಿನ ಚಿಹ್ನೆ, ಪೌಂಡ್ ಚಿಹ್ನೆ... ಇದೇನು, ವೈರಸ್ಸಾ?

ಕೀಲಿಮಣೆ:
ವೈರಸ್ ಅಲ್ಲ, ನಮ್ಮ ಹಳೇ ಸ್ನೇಹಿತ. ಆ ಬರಹ ಪ್ರಿಂಟಿಂಗ್ ಪ್ರೆಸ್‌ನವರು ಮಾಡಿದ ಪಾಂಪ್ಲೆಟ್‌ನಿಂದ ಬಂದಿದೆ ತಾನೇ?

ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡೋ ಪದ್ಧತಿ) ಎಲ್ಲ ಕಡೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶಗಳ ಫಾಂಟ್‌ಗಳಲ್ಲಿ ಒಂದು ಉಪಾಯ ಇತ್ತು. ಒಳಗೆ ಇರೋದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ. ಫಾಂಟ್ ಅದರ ಮೇಲೆ ಕನ್ನಡದ ಚಿತ್ರ ಕೂರಿಸುತ್ತೆ. ಈ ಎಲ್ಲ ತಂತ್ರಾಂಶಗಳಲ್ಲೂ ಯೂನಿಕೋಡ್ ಬಂದು ಎಷ್ಟೋ ಕಾಲ ಆಯ್ತು. ಆದರೆ ಪೇಜ್ ಕೂರಿಸುವ ಪ್ರೆಸ್‌ಗಳಲ್ಲಿ ಹಳೇ ಪದ್ಧತಿ ಇವತ್ತಿಗೂ ನಡೀತಿದೆ. ನಿಮ್ಮ ಡೆವಲಪರ್ ಆ ಫಾಂಟನ್ನೇ ವೆಬ್‌ಫಾಂಟ್ ಮಾಡಿ ಸೈಟಿಗೆ ಏರಿಸಿದ್ದಾರೆ. ಅದಕ್ಕೇ ನಿಮ್ಮ ಕಣ್ಣಿಗೆ ಚೆಂದದ ಕನ್ನಡ. ಗೂಗಲ್ ಫಾಂಟ್ ನೋಡಲ್ಲ, ಒಳಗಿನ ಸಂಕೇತ ನೋಡುತ್ತೆ. ಅದರ ಮಟ್ಟಿಗೆ ನಿಮ್ಮ ಸೈಟಿನಲ್ಲಿ "ಉಪ್ಪಿನಕಾಯಿ" ಅನ್ನೋ ಪದವೇ ಇಲ್ಲ. ಕನ್ನಡ ಯೂನಿಕೋಡ್‌ಗೆ ತನ್ನದೇ ಜಾಗ ಇದೆ, 0ಸಿ80ಯಿಂದ 0ಸಿಎಫ್ಎಫ್‌ವರೆಗೆ. ಪದ ಅಲ್ಲಿದ್ದರೆ ಮಾತ್ರ ಅದು ಕನ್ನಡ.

ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೂ ಇದೇ ಗತಿ. ಆದರೆ ಅವರು ಯಾರೂ ನಿಮಗೆ ಫೋನ್ ಮಾಡಿ ದೂರುವುದಿಲ್ಲ, ಸುಮ್ನೆ ಹೋಗಿಬಿಡ್ತಾರೆ.

ಬೆಣ್ಣೆದೋಸೆ:
ನನ್ನ ಸೈಟೂ ಚೆಕ್ ಮಾಡಿದೆ. ಮೆನು ಕಾರ್ಡ್ ಪೂರ್ತಿ ಟೋಪಿ ಹಾಕಿದ ಎ. ಎಸ್‌ಇಒ ಸತ್ತಿಲ್ಲ ಅಂತ ಕಾಣುತ್ತೆ, ನಾನೇ ಕೊಂದಿದ್ದೆ.

ಮಿಡಿಮನೆ:
ಹಳೇ ಫಾಂಟಿನ ಬರಹವನ್ನು ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗೆ ಹಾಕಿದೆ. ಬಹುಪಾಲು ಸರಿ ಬಂತು. ಆದರೆ "ಅರ್ಧ ಕೆಜಿ" ಎಲ್ಲ ಕಡೆ "ಅಧರ್ ಕೆಜಿ" ಆಗಿದೆ. ಅತ್ತೆ ಓದಿ, ಇದು ಯಾವ ಧರ್ಮದ ಕೆಜಿ ಅಂದರು.

ಕೀಲಿಮಣೆ:
ಅರ್ಕಾವತ್ತಿನ ಕಾಟ. ಹಳೇ ಫಾಂಟ್‌ನಲ್ಲಿ ಅದು ಅಕ್ಷರದ ನಂತರ ಬರುತ್ತೆ, ಯೂನಿಕೋಡ್‌ನಲ್ಲಿ ರ್ ಮೊದಲು. ಕನ್ವರ್ಟರ್ ಎಡವಿದರೆ ಕಾರ್ಯಕ್ರಮ "ಕಾಯರ್ಕ್ರಮ" ಆಗುತ್ತೆ. ಒಂದು ಸಲ ಕಣ್ಣಲ್ಲಿ ಓದಿ ತಿದ್ದಲೇಬೇಕು. 38 ಪುಟ ತಾನೇ, ಎರಡು ಸಂಜೆ. ಬೆಲೆಪಟ್ಟಿ ಚಿತ್ರದಲ್ಲಿದ್ದರೆ ಅದನ್ನೂ ಟೈಪ್ ಮಾಡಿಬಿಡಿ. ಫಾಂಟ್‌ಗೆ ನೋಟೋ ಸಾನ್ಸ್ ಕನ್ನಡ ಹಾಕಿ, ಉಚಿತ.

ಮಿಡಿಮನೆ:
ಸರಿ. ಹಾಗಾದರೆ ವಿಳಾಸವನ್ನೂ ಕನ್ನಡ ಅಕ್ಷರದಲ್ಲೇ ಮಾಡಿದರೆ ಒಳ್ಳೇದಾ?

ಕೋಡುಬಳೆ:
ಗೂಗಲ್‌ಗೆ ಅಡ್ಡಿ ಇಲ್ಲ. ವಾಟ್ಸಾಪ್‌ಗೆ ಕಾಪಿ ಮಾಡಿ ನೋಡಿ ಗೊತ್ತಾಗುತ್ತೆ. ಒಂದೊಂದು ಕನ್ನಡ ಸಂಕೇತ ಮೂರು ಬೈಟ್, ವಿಳಾಸದಲ್ಲಿ ಶೇಕಡಾ ಚಿಹ್ನೆ ಸೇರಿ ಒಂಬತ್ತು ಅಕ್ಷರ. "ಮೆಣಸಿನಕಾಯಿ" ಅಂದರೆ 10 ಸಂಕೇತ, ವಿಳಾಸದಲ್ಲಿ 90 ಅಕ್ಷರದ ಬಾಲ. ಅದನ್ನು ನೋಡಿ ಗಿರಾಕಿ ಮೋಸದ ಲಿಂಕ್ ಅಂದುಕೊಳ್ಳುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಹಳೇ ವಿಳಾಸ ಬದಲಿಸಬೇಡಿ ಅಂತ ಈಗಷ್ಟೇ ಹೇಳಿದ್ದೇನೆ.

ಕೀಲಿಮಣೆ:
ನಾನು ಒಪ್ಪಲ್ಲ. ಹೊಸ ಸೈಟ್ ಆಗಿದ್ದರೆ ಕನ್ನಡ ವಿಳಾಸವೇ ಇರಲಿ ಅಂತೀನಿ. ಕನ್ನಡ ವಿಕಿಪೀಡಿಯ ನಡೀತಿಲ್ವಾ? ಇವರ ವಿಷಯದಲ್ಲಿ ಮಾತ್ರ ನೀವು ಹೇಳಿದ್ದು ಸರಿ.

ಮಿಡಿಮನೆ:
ಇನ್ನೊಂದು ವಿಚಿತ್ರ ಕಂಡೆ. ಹಳೇ ಲೆಕ್ಕದಲ್ಲಿ ಜನ ಹುಡುಕಿದ ಪದ ನೋಡಿದರೆ ಮುಕ್ಕಾಲು ಪಾಲು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಅಪ್ಪೆಮಿಡಿಗೇ ಹನ್ನೊಂದು ಸ್ಪೆಲಿಂಗ್ ಇದೆ. ಹನ್ನೊಂದನ್ನೂ ಪುಟದ ಕೆಳಗೆ ಬರೆಯಲಾ? 18 ಸಾವಿರದವರು "ಮೆಟಾ ಕೀವರ್ಡ್‌ನಲ್ಲಿ (ಪುಟದ ಕೋಡ್ ಒಳಗೆ, ಓದುವವರಿಗೆ ಕಾಣದ ಪದಪಟ್ಟಿ) ಹಾಕ್ತೀವಿ" ಅಂದಿದ್ದರು.

ಕೋಡುಬಳೆ:
ಮೆಟಾ ಕೀವರ್ಡ್ ನಾವು ನೋಡಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಆ ಪ್ಯಾಕೇಜಿನ ವಯಸ್ಸು ಎಷ್ಟು ಅಂತ ಇದರಲ್ಲೇ ಗೊತ್ತಾಯ್ತು. ಹನ್ನೊಂದು ಸ್ಪೆಲಿಂಗ್ ಸಾಲಾಗಿ ತುರುಕಿದರೆ ಅದು ಸ್ಪ್ಯಾಮ್. ಬದಲಿಗೆ ಮುಖ್ಯವಾದ ಹತ್ತು ಪ್ರಾಡಕ್ಟ್‌ಗೆ ಸರಿಯಾದ ಇಂಗ್ಲಿಷ್ ಪುಟ ಮಾಡಿ. ಕನ್ನಡ, ಇಂಗ್ಲಿಷ್ ಪುಟ ಎರಡನ್ನೂ ಎಚ್‌ರೆಫ್‌ಲ್ಯಾಂಗ್‌ನಿಂದ (ಇದೇ ಪುಟ ಇನ್ನೊಂದು ಭಾಷೆಯಲ್ಲಿ ಎಲ್ಲಿದೆ ಅಂತ ಹೇಳೋ ಕೋಡ್ ಗುರುತು) ಜೋಡಿಸಿ. ಜೋಡಣೆ ಎರಡೂ ಪುಟದಲ್ಲಿ ಇರಬೇಕು, ಒಂದರಲ್ಲಿ ಮಾತ್ರ ಇದ್ದರೆ ಲೆಕ್ಕಕ್ಕಿಲ್ಲ. ಸ್ಪೆಲಿಂಗ್ ಒಂದೋ ಎರಡೋ ಸಹಜವಾಗಿ ಬರಲಿ, ಉಳಿದದ್ದನ್ನು ಗೂಗಲ್ ಊಹಿಸಿಕೊಳ್ಳುತ್ತೆ.

ಇಂಗ್ಲಿಷ್ ಪುಟವನ್ನು ಚಾಟ್‌ಬಾಟ್‌ಗೆ ಹೇಳಿ ಬರೆಸಿ ಹಾಗೇ ಹಾಕಬೇಡಿ. ಎಐ ಬಳಸಿದ್ದಕ್ಕೆ ದಂಡ ಏನಿಲ್ಲ. ಆದರೆ ರಾಶಿ ರಾಶಿ ಟೊಳ್ಳು ಪುಟ ಹೊಡೆದು ಹಾಕೋದನ್ನು 2024ರ ಮಾರ್ಚ್‌ನಿಂದ ಗೂಗಲ್ ಸ್ಪ್ಯಾಮ್ ನಿಯಮದಲ್ಲಿ ಸೇರಿಸಿದೆ. ಯಾವ ಮರದ ಮಿಡಿ, ಎಷ್ಟು ದಿನ ಉಪ್ಪಿನಲ್ಲಿ ಇಡ್ತೀರಿ, ಜಾಡಿ ಎಷ್ಟು ತಿಂಗಳು ಬರುತ್ತೆ, ಇದು ಅತ್ತೆಗೆ ಮಾತ್ರ ಗೊತ್ತು. ಅದನ್ನು ಬರೆಯಿರಿ. ಎಫ್‌ಎಸ್‌ಎಸ್‌ಎಐನ (ಆಹಾರ ಸುರಕ್ಷತಾ ಪ್ರಾಧಿಕಾರ) 14 ಅಂಕಿಯ ನಂಬರ್ ಕಾಣೋ ಹಾಗೆ ಹಾಕಿ, ಕೊಳ್ಳುವವರು ಅದನ್ನು ಹುಡುಕ್ತಾರೆ.

ಎಂಟೂವರೆ_ಲೋಕಲ್:
ಎರಡು ಸಣ್ಣ ವಿಷಯ. ತಿರುಗುವ ಜಾಡಿಯ ಚಿತ್ರಗಳು ಭಾರ ಜಾಸ್ತಿ. ನನ್ನ ಫೋನಿನಲ್ಲಿ ಪುಟದ ದೊಡ್ಡ ಚಿತ್ರ ಬರಲು ಏಳು ಸೆಕೆಂಡ್ ಆಯ್ತು, ಎರಡೂವರೆ ಒಳಗೆ ಬಂದರೆ ಒಳ್ಳೇದು ಅಂತ ಗೂಗಲ್ ಲೆಕ್ಕ. ವೆಬ್‌ಪಿ ಅನ್ನೋ ಹಗುರ ಚಿತ್ರದ ರೂಪಕ್ಕೆ ಬದಲಿಸಿ ಚಿಕ್ಕದು ಮಾಡಿಸಿ. ಇನ್ನೊಂದು, ಮ್ಯಾಪ್‌ನಲ್ಲಿ ನಿಮ್ಮ ಹೆಸರು ಒತ್ತಿದರೆ ಹಳೇ ಗೂಗಲ್ ಉಚಿತ ಸೈಟಿಗೆ ಹೋಗ್ತಿದೆ. ಆ ಸೈಟ್‌ಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲೇ ಮುಚ್ಚಿತು. ಬಿಸಿನೆಸ್ ಪ್ರೊಫೈಲ್‌ಗೆ ಹೋಗಿ ಲಿಂಕ್ ಬದಲಿಸಿ, ಐದು ನಿಮಿಷದ ಕೆಲಸ.

ಮಿಡಿಮನೆ: (ಏಳು ವಾರದ ನಂತರ)
ಲೆಕ್ಕ ಒಪ್ಪಿಸಲು ಬಂದೆ. # ಹೋಯ್ತು. 38ರಲ್ಲಿ 31 ಪುಟಕ್ಕೆ ಹಳೇ ವಿಳಾಸವೇ ಸಿಕ್ಕಿತು, 7ಕ್ಕೆ 301. ಡೆವಲಪರ್ ಮೊದಲು ಮುಖ ಊದಿಸಿಕೊಂಡರು, ಆಮೇಲೆ ಈ ಚರ್ಚೆ ಓದಿ ತಾವೇ ಮಾಡಿಕೊಟ್ಟರು, ದುಡ್ಡು ಕೇಳಲಿಲ್ಲ. ಕನ್ನಡ ಪೂರ್ತಿ ಯೂನಿಕೋಡ್. ಸೈಟ್‌ಮ್ಯಾಪ್ (ಎಲ್ಲ ಪುಟಗಳ ಪಟ್ಟಿ) ಗೂಗಲ್‌ಗೆ ಮತ್ತೆ ಕೊಟ್ಟೆ. ಇಂಡೆಕ್ಸ್‌ನಲ್ಲಿ ಈಗ 29 ಪುಟ. ದಿನಕ್ಕೆ 35-40 ಜನ. ಹಳೇ ಮಟ್ಟಕ್ಕೆ ಇನ್ನೂ ಬಂದಿಲ್ಲ.

ಇಂಗ್ಲಿಷ್ ಪುಟ ನಾಲ್ಕು ಆಗಿದೆ. ಅತ್ತೆ ಹೇಳ್ತಾರೆ, ನಾನು ಬರೀತೀನಿ, ಮಧ್ಯೆ ಜಗಳ ಆಗುತ್ತೆ. ಅದಕ್ಕೇ ತಡ.

18 ಸಾವಿರದವರು ಮತ್ತೆ ಫೋನ್ ಮಾಡಿದ್ದರು. ಮೆಟಾ ಕೀವರ್ಡ್ ಬಗ್ಗೆ ಕೇಳಿದೆ. ಲೈನ್ ಕಟ್ ಆಯ್ತು.

ಬೆಣ್ಣೆದೋಸೆ:
"ಜೋನಿಬೆಲ್ಲ" ಅಂತ ಕನ್ನಡದಲ್ಲೇ ಹುಡುಕಿದೆ, ನಿಮ್ಮ ಪುಟ ಬಂತು. ದೋಸೆ ಜೊತೆ ಕೊಡೋಕೆ ಐದು ಕೆಜಿ ಬೇಕಿತ್ತು. ಕಳಿಸ್ತೀರಾ?

ಮಿಡಿಮನೆ:
ಪುಟ ಇದೆ, ಬೆಲ್ಲ ಇಲ್ಲ. ಆಲೆಮನೆ ಶುರುವಾಗಲಿ, ಮೊದಲ ಡಬ್ಬಿ ನಿಮಗೇ.