ಅಪ್ಪ-ಅಮ್ಮನನ್ನು ನೋಡಿಕೊಳ್ಳೋಕೆ ಸಹಾಯ ಎಲ್ಲಿ ಸಿಗುತ್ತೆ? ಅನುಭವ ಇರುವವರು ಹೇಳಿ

ಕೆಂಗೇರಿಯ ಮಗ:
ಅಪ್ಪನಿಗೆ 79, ಅಮ್ಮನಿಗೆ 72. ತೀರ್ಥಹಳ್ಳಿ ಹತ್ತಿರ ಊರಲ್ಲಿ ಇಬ್ಬರೇ ಇದ್ದಾರೆ. ಅಪ್ಪನಿಗೆ ಮರೆವಿನ ಕಾಯಿಲೆ ಅಂತ ಹೋದ ವರ್ಷ ನಿಮ್ಹಾನ್ಸ್‌ನಲ್ಲಿ ಹೇಳಿದರು. ಈಗ ರಾತ್ರಿ ಎದ್ದು ಬಾಗಿಲು ತೆಗೆದು ತೋಟದ ಕಡೆ ಹೊರಟುಬಿಡುತ್ತಾರೆ. ಅಮ್ಮನಿಗೆ ಮಂಡಿನೋವು, ಹಿಂದೆ ಓಡೋಕೆ ಆಗಲ್ಲ. ನಾನಿರುವುದು ಮೂರನೇ ಮಹಡಿ, ಲಿಫ್ಟ್ ಇಲ್ಲ. ತಂಗಿ ಮಸ್ಕತ್‌ನಲ್ಲಿ. ತಿಂಗಳಿಗೆ 20 ಸಾವಿರದವರೆಗೆ ಖರ್ಚು ಮಾಡಬಲ್ಲೆ. ಊರಿಗೇ ಹೋಮ್ ನರ್ಸ್ ಸಿಗ್ತಾರಾ? ಸರ್ಕಾರದಿಂದ ಏನಾದರೂ ಇದೆಯಾ? ದಾರಿ ಹೇಳಿ.

ಹಾಸನದ ಮಗಳು:
ಏಜೆನ್ಸಿಗೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ. 2022ರಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿ ಮನೆಗೆ ಬಂದರು. ಏಜೆನ್ಸಿಯವರು ನೋಂದಣಿ ಅಂತ 7,500 ತೆಗೆದುಕೊಂಡರು, ಅದು ವಾಪಸ್ ಇಲ್ಲ. ತಿಂಗಳಿಗೆ 26,000, ಊಟ-ವಸತಿ ನಮ್ಮದು. ಅದರಲ್ಲಿ ಆ ಹುಡುಗಿಯ ಕೈಗೆ ಸೇರುತ್ತಿದ್ದದ್ದು 15,000 ಅಂತ ಆಮೇಲೆ ಗೊತ್ತಾಯಿತು. ಐದು ತಿಂಗಳಲ್ಲಿ ನಾಲ್ಕು ಜನ ಬದಲಾದರು. ಮೊದಲನೆಯವಳು ಒಳ್ಳೆಯವಳು, ಊರ ಜಾತ್ರೆಗೆ ಅಂತ ಹೋದವಳು ಬರಲೇ ಇಲ್ಲ. ಎರಡನೆಯವಳಿಗೆ ಮಲಗಿದವರ ಮಗ್ಗುಲು ಬದಲಿಸೋಕೇ ಗೊತ್ತಿರಲಿಲ್ಲ.

ಒಂದು ದಿನ ಅಮ್ಮನ ಬೆನ್ನಿನ ಬುಡದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಕೆಂಪು ಕಂಡಿತು. ಬೆರಳಲ್ಲಿ ಒತ್ತಿ ಬಿಟ್ಟರೂ ಬೆಳ್ಳಗಾಗಲಿಲ್ಲ, ಕೆಂಪಾಗೇ ಇತ್ತು. ಹಾಸಿಗೆ ಹುಣ್ಣು ಶುರುವಾಗೋದೇ ಹಾಗೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಹನ್ನೆರಡು ದಿನಕ್ಕೆ ಹೆಬ್ಬೆರಳು ಇಳಿಯುವಷ್ಟು ಗುಂಡಿ. ಡ್ರೆಸ್ಸಿಂಗ್‌ಗೆ ಒಂದು ಸಲಕ್ಕೆ 600, ದಿನ ಬಿಟ್ಟು ದಿನ, ಒಟ್ಟು 45 ಸಲ. ಗಾಳಿ ಹಾಸಿಗೆ 3,400, ಅದರ ಮೋಟಾರು ಎರಡೇ ತಿಂಗಳಿಗೆ ಕೆಟ್ಟಿತು. ಡಯಾಪರ್ ಹತ್ತರ ಪ್ಯಾಕು 420, ದಿನಕ್ಕೆ ಮೂರು ಬೇಕು. ನೋಟ್‌ಬುಕ್‌ನಲ್ಲಿ ಲೆಕ್ಕ ಇದೆ: ಆಪರೇಷನ್ ಬಿಟ್ಟು ಐದು ತಿಂಗಳಿಗೆ 1,86,800.

ಕಡೆಗೆ ಸಹಾಯ ಸಿಕ್ಕಿದ್ದು ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯಿಂದ. ಪಕ್ಕದ ಬೀದಿಯ ಒಬ್ಬ ಹೆಂಗಸನ್ನು ತೋರಿಸಿದರು. ಸ್ವಂತ ಅತ್ತೆಯನ್ನು ಆರು ವರ್ಷ ನೋಡಿಕೊಂಡವರು. ಹಗಲು ಮಾತ್ರ, 11,000. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಗೀಟು ಹಾಕುತ್ತಿದ್ದರು. ಹುಣ್ಣು ಮಾಯಿತು. ಹೋದ ಸಂಕ್ರಾಂತಿಗೆ ಅಮ್ಮ ಕೋಲು ಹಿಡಿದು ನಾಲ್ಕು ಮನೆಗೆ ಎಳ್ಳು ಬೀರಿ ಬಂದರು.

ಎರಡನೇ ಮಗ:
ನಾನು ಅಪ್ಪನನ್ನು ಕೇರ್ ಹೋಮಿಗೆ ಸೇರಿಸಿದೆ. ಮುಚ್ಚಿಡಲ್ಲ. ಪಾರ್ಕಿನ್ಸನ್, 81 ವರ್ಷ, 74 ಕೆಜಿ. ನನ್ನ ಹೆಂಡತಿ 48 ಕೆಜಿ. ಅವಳೊಬ್ಬಳೇ ಅವರನ್ನು ಬಚ್ಚಲಿಗೆ ಕರೆದೊಯ್ಯೋಕೆ ಆಗುತ್ತಾ? ಎರಡು ಸಲ ಇಬ್ಬರೂ ಒಟ್ಟಿಗೆ ಬಿದ್ದರು.

ಮೊದಲ ಜಾಗದಲ್ಲಿ ಠೇವಣಿ 2 ಲಕ್ಷ, ತಿಂಗಳಿಗೆ 32,000 ಎಂದರು. ಬಂದ ಬಿಲ್ಲು 41,000. ಡಯಾಪರ್ ಬೇರೆ, ಫಿಸಿಯೋ ಬೇರೆ, ಡಾಕ್ಟರ್ ಬಂದು ನೋಡಿದರೆ ಬೇರೆ. ಪಾರ್ಕಿನ್ಸನ್ ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡಬೇಕು, ಅವರು ಎಲ್ಲರಿಗೂ ಊಟದ ಜೊತೆ ಒಟ್ಟಿಗೆ ಹಂಚುತ್ತಿದ್ದರು. ಅಪ್ಪ ಮಧ್ಯಾಹ್ನದ ಹೊತ್ತಿಗೆ ಕಟ್ಟಿಗೆಯ ಹಾಗೆ ಬಿಗಿದು ಕೂತಿರುತ್ತಿದ್ದರು. ಜಗಳ ಮಾಡಿ ಬಿಡಿಸಿಕೊಂಡು ಬಂದೆ, ಠೇವಣಿಯಲ್ಲಿ 40,000 ಹಿಡಿದುಕೊಂಡರು. ಈಗ ಮೈಸೂರಿನ ಇನ್ನೊಂದು ಕಡೆ ಇದ್ದಾರೆ. ಪ್ರತಿ ಭಾನುವಾರ ಹೋಗುತ್ತೇನೆ, ನಾನೇ ಗಡ್ಡ ಮಾಡುತ್ತೇನೆ. ಚೆನ್ನಾಗಿದ್ದಾರೆ.

ಒಂದು ಮಾಹಿತಿ. ಪಾರ್ಕಿನ್ಸನ್ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ. ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಮಾಡಿಸಿ. ಹಳೇ ತೆರಿಗೆ ಪದ್ಧತಿಯಲ್ಲಿ ಅಂಗವಿಕಲರನ್ನು ನೋಡಿಕೊಳ್ಳುವವರಿಗೆ ತೆರಿಗೆ ಲೆಕ್ಕದ ಆದಾಯದಲ್ಲಿ 75,000, ತೀವ್ರವಾಗಿದ್ದರೆ 1,25,000 ಕಡಿತ ಸಿಗುತ್ತೆ. ನನಗೆ ಮೂರು ವರ್ಷ ತಡವಾಗಿ ಗೊತ್ತಾಯಿತು.

ಧಾರವಾಡದವ:
ಎಷ್ಟೇ ದುಡ್ಡು ಕೊಡಿ, ಭಾನುವಾರ ಗಡ್ಡ ಮಾಡಿದರೆ ಮಗನ ಕೆಲಸ ಮುಗಿಯಲ್ಲ. ನಾನು 2019ರಲ್ಲಿ ಬೆಂಗಳೂರಿನ ಕೆಲಸ ಬಿಟ್ಟು ಬಂದೆ. ವರ್ಷಕ್ಕೆ 9 ಲಕ್ಷ ಬರುತ್ತಿತ್ತು. ಅವ್ವನಿಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಹೋಗಿತ್ತು. ಮೂರು ವರ್ಷ ನಾಲ್ಕು ತಿಂಗಳು ಮನೆಯಲ್ಲೇ ಇಟ್ಟುಕೊಂಡೆ. ಒಂದೇ ಒಂದು ಹುಣ್ಣಾಗಲು ಬಿಡಲಿಲ್ಲ. ಮನಸ್ಸಿದ್ದರೆ ಆಗುತ್ತೆ. ನಮ್ಮನ್ನು ತೊಳೆದು ಬೆಳೆಸಿದವರನ್ನು ತೊಳೆಯೋಕೆ ಏಜೆನ್ಸಿ ಯಾಕೆ ಬೇಕು?

ಹಾಸನದ ಮಗಳು:
ಹುಣ್ಣಾದದ್ದು ನನಗೆ ಮನಸ್ಸಿಲ್ಲದೆ ಅಂತೀರಾ? ಹಗಲು ಶಾಲೆಯಲ್ಲಿ ಪಾಠ ಮಾಡಿ ರಾತ್ರಿ ಅಮ್ಮನ ಪಕ್ಕ ನೆಲದಲ್ಲಿ ಮಲಗಿದ್ದೇನೆ. ನನ್ನ ಸಂಬಳ ನಿಂತರೆ ಮನೆ ನಡೆಯಲ್ಲ.

ಸಾಗರದ ಸೊಸೆ:
ಧಾರವಾಡದವರೇ, "ಇಟ್ಟುಕೊಂಡೆ" ಎಂದಿರಿ. ತೊಳೆದವರು ಯಾರು? ನೀವಾ, ನಿಮ್ಮ ಹೆಂಡತಿಯಾ? ಅತ್ತೆಯನ್ನು ಏಳು ವರ್ಷ ನೋಡಿಕೊಂಡವಳು ನಾನು. ಮೂವರು ಗಂಡು ಮಕ್ಕಳು. ಒಬ್ಬರು ಫೋನಿನಲ್ಲಿ ಸಲಹೆ ಕೊಡುತ್ತಿದ್ದರು, ಒಬ್ಬರು ಹಬ್ಬಕ್ಕೆ ಬಂದು ಫೋಟೊ ತೆಗೆಸಿಕೊಳ್ಳುತ್ತಿದ್ದರು, ಒಬ್ಬರು ನನ್ನ ಗಂಡ. ಎತ್ತಿ ಎತ್ತಿ ನನ್ನ ಬೆನ್ನಿನ ಡಿಸ್ಕ್ ಜಾರಿತು. ಎಮ್‌ಆರ್‌ಐಗೆ 6,500. ಅದಕ್ಕೂ ನನ್ನ ಬಳೆ ಅಡವಿಟ್ಟೆ. ಅತ್ತೆ ಹೋದ ಹದಿನಾಲ್ಕನೇ ದಿನ ಆಸ್ತಿ ಮೂರು ಪಾಲಾಯಿತು. ನನ್ನ ಬೆನ್ನು ಯಾರ ಪಾಲಿಗೆ ಅಂತ ಯಾರೂ ಕೇಳಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಗಂಡಸರು "ನಾವು ಮನೆಯಲ್ಲೇ ನೋಡಿಕೊಂಡೆವು" ಎಂದಾಗ ನನಗೆ ಮೈ ಉರಿಯುತ್ತೆ.

ಧಾರವಾಡದವ:
ನಾನೇ ತೊಳೆದೆ. ನನಗೆ ಮದುವೆ ಆಗಿಲ್ಲ. ನಿಶ್ಚಯ ಆಗಿತ್ತು, ಕೆಲಸ ಬಿಟ್ಟ ತಿಂಗಳೇ ಮುರಿಯಿತು. ಬಾಯಿಗೆ ಬಂದಂತೆ ಮಾತಾಡಬೇಡಿ.

ಸಾಗರದ ಸೊಸೆ:
ನಿಮಗೆ ಹಾಗೆ ಕೇಳಬಾರದಿತ್ತು. ಆ ಮಾತು ವಾಪಸ್ ತೆಗೆದುಕೊಂಡೆ. ಕೇರ್ ಹೋಮಿಗೆ ಸೇರಿಸಿದವರಿಗೆ ನೀವು ಅಂದದ್ದನ್ನು ನೀವೂ ತೆಗೆದುಕೊಳ್ಳಿ.

ನಿವೃತ್ತ ಕ್ಯಾಷಿಯರ್:
ಜಗಳ ಬಿಡಿ. ಕಾಗದ ಮೊದಲು. ಮೂವತ್ತೊಂದು ವರ್ಷ ಬ್ಯಾಂಕ್ ಕೌಂಟರಿನಲ್ಲಿ ಕೂತ ನಾನು ನನ್ನ ಮನೆಯಲ್ಲೇ ತಪ್ಪು ಮಾಡಿದೆ. ಅಪ್ಪನ 6 ಲಕ್ಷ ಠೇವಣಿ ಅವರೊಬ್ಬರ ಹೆಸರಲ್ಲೇ ಇತ್ತು. ನೆನಪು ಹೋದ ಮೇಲೆ ಸಹಿ ಹೊಂದಲಿಲ್ಲ. ಪವರ್ ಆಫ್ ಅಟಾರ್ನಿ ಬರೆಸೋಣ ಎಂದರೆ, ತಿಳಿವಳಿಕೆ ಹೋದವರು ಬರೆದುಕೊಟ್ಟದ್ದು ನಡೆಯಲ್ಲ ಎಂದರು ವಕೀಲರು. ಹೈಕೋರ್ಟಿನಿಂದ ಗಾರ್ಡಿಯನ್ ಅಂತ ಆದೇಶ ತರಬೇಕಾಯಿತು. 14 ತಿಂಗಳು, 85,000 ರೂಪಾಯಿ. ಅಷ್ಟರಲ್ಲಿ ಅಪ್ಪನೇ ಹೋದರು. ಅವರ ದುಡ್ಡಿನಲ್ಲಿ ಅವರಿಗೆ ಒಂದು ಮಾತ್ರೆಯೂ ಬರಲಿಲ್ಲ. ಕೆಂಗೇರಿಯವರೇ, ನಿಮ್ಮ ಅಪ್ಪ ಸಹಿ ಹಾಕುತ್ತಿದ್ದರೆ ಈ ವಾರವೇ ಖಾತೆಗೆ ಅಮ್ಮನ ಹೆಸರು ಸೇರಿಸಿ, "ಇಬ್ಬರಲ್ಲಿ ಯಾರಾದರೂ ತೆಗೆಯಬಹುದು" ಅಂತ ಬರೆಸಿ.

ಪಿಂಚಣಿ ಇದ್ದರೆ ನವೆಂಬರಿನ ಜೀವನ ಪ್ರಮಾಣ, ಅಂದರೆ ಬದುಕಿದ್ದಾರೆ ಅನ್ನುವ ಪ್ರಮಾಣಪತ್ರ ಮರೆಯಬೇಡಿ. ಬೆರಳಚ್ಚು ಸವೆದಿದ್ದರೆ ಮುಖ ತೋರಿಸಿಯೂ ಆಗುತ್ತೆ, 70 ರೂಪಾಯಿಗೆ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುತ್ತಾರೆ. 70 ದಾಟಿದವರಿಗೆ ಮನೆ ಬಾಗಿಲಿಗೆ ಸೇವೆ ಕೊಡಬೇಕು ಅಂತ 2017ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ, ಕೇಳಿ ಪಡೆಯಿರಿ. ಸಂಧ್ಯಾ ಸುರಕ್ಷಾ ತಿಂಗಳಿಗೆ 1,200, ಆದಾಯದ ಮಿತಿ ಇದೆ, ನಾಡಕಚೇರಿಯಲ್ಲಿ ಅರ್ಜಿ. ಏನೂ ತೋಚದಿದ್ದರೆ ಹಿರಿಯರ ಸಹಾಯವಾಣಿ 14567. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 70 ದಾಟಿದವರಿಗೆ ಆದಾಯ ನೋಡದೆ 5 ಲಕ್ಷದ ಆಯುಷ್ಮಾನ್ ಶುರು ಮಾಡಿತು. ಆದರೆ ಅದು ಆಸ್ಪತ್ರೆಗೆ ದಾಖಲಾದರೆ ಮಾತ್ರ. ಮನೆಗೆ ಬರುವ ನರ್ಸಿಗೆ ಅದರಿಂದ ಒಂದು ಪೈಸೆ ಇಲ್ಲ.

ಚನ್ನಪಟ್ಟಣದ ತಮ್ಮ:
ಕಾಗದ ಅಂದರೆ ನನಗೆ ಭಯ. 2017ರಲ್ಲಿ ಅವ್ವ ಮನೆ, 30 ಗುಂಟೆ ಜಮೀನು ಎಲ್ಲ ಅಣ್ಣನಿಗೆ ದಾನಪತ್ರ ಮಾಡಿಕೊಟ್ಟರು. "ಕೊನೆತನಕ ನೋಡಿಕೊಳ್ಳಬೇಕು" ಅಂತ ಒಂದು ಸಾಲು ಅದರಲ್ಲಿಲ್ಲ. 2021ರಲ್ಲಿ ಒಂದು ಟ್ರಂಕು, ಒಂದು ಚಾಪೆ ಸಮೇತ ಅವ್ವನನ್ನು ನನ್ನ ಬಾಗಿಲಲ್ಲಿ ಇಳಿಸಿ ಹೋದ. ಎಸಿ (ಉಪವಿಭಾಗಾಧಿಕಾರಿ) ಹತ್ತಿರ 2007ರ ಹಿರಿಯ ನಾಗರಿಕರ ಕಾಯ್ದೆ 23ನೇ ಕಲಮಿನಲ್ಲಿ ಅರ್ಜಿ ಹಾಕಿದೆವು. ವಿಚಾರಣೆಗೆ 19 ಸಲ ತಾರೀಖು ಕೊಟ್ಟರು. ಪ್ರತಿ ಸಲ ಆಟೋಗೆ 400, ಅವ್ವನಿಗೆ ಮೆಟ್ಟಿಲು ಹತ್ತೋಕೆ ಆಗದೆ ಕೆಳಗೇ ಕೂತಿರುತ್ತಿದ್ದರು. ಷರತ್ತು ಇಲ್ಲ ಅಂತ ದಾನಪತ್ರ ರದ್ದಾಗಲಿಲ್ಲ. ತಿಂಗಳಿಗೆ 6,000 ಜೀವನಾಂಶ ಆಯಿತು. ಎರಡು ತಿಂಗಳು ಕೊಟ್ಟ.

ನಿವೃತ್ತ ಕ್ಯಾಷಿಯರ್:
ಮತ್ತೆ ಪ್ರಯತ್ನ ಮಾಡಿ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಬ್ಬ ತಾಯಿ ಕೊಟ್ಟ ದಾನಪತ್ರ ರದ್ದು ಮಾಡಿದೆ. ಕಾಯ್ದೆಯನ್ನು ಹಿರಿಯರ ಪರವಾಗಿ ಓದಬೇಕು ಎಂದಿದೆ.

ಚನ್ನಪಟ್ಟಣದ ತಮ್ಮ:
ಸುಮ್ನೆ ಆಸೆ ಹುಟ್ಟಿಸಬೇಡಿ ಸರ್. ಆ ಕೇಸಿನಲ್ಲಿ ಮಗ ನೋಡಿಕೊಳ್ಳುತ್ತೇನೆ ಅಂತ ಬೇರೆ ಕಾಗದ ಬರೆದುಕೊಟ್ಟಿದ್ದ. ನಮ್ಮಲ್ಲಿ ಆ ಕಾಗದವೂ ಇಲ್ಲ. 2022ರ ಡಿಸೆಂಬರಿನ ತೀರ್ಪಿನಲ್ಲಿ ಅದೇ ಕೋರ್ಟು ಷರತ್ತು ಇರಲೇಬೇಕು ಎಂದಿದೆ. ಎರಡನ್ನೂ ಓದಿದ್ದೇನೆ. ನಿಮ್ಮ ಬಾಯಲ್ಲಿ ಎಲ್ಲಾ ಸಲೀಸು.

ಎರಡನೇ ಮಗ:
ಕೇಳಿದವರ ಅಪ್ಪ ರಾತ್ರಿ ಎದ್ದು ಹೋಗುತ್ತಾರೆ. ನೀವು ಇಲ್ಲಿ ಆಸ್ತಿ ಕೇಸು ನಡೆಸುತ್ತಿದ್ದೀರಿ.

ಚನ್ನಪಟ್ಟಣದ ತಮ್ಮ:
ಆಸ್ತಿ ಅಲ್ಲ ಸ್ವಾಮಿ. ಅವ್ವನ ಡಯಾಲಿಸಿಸ್‌ಗೆ ಹೋಗಿಬರುವ ದುಡ್ಡು.

ಕೆಂಗೇರಿಯ ಮಗ:
ಎಲ್ಲರದ್ದೂ ಓದಿದೆ. ಖಾತೆ ವಿಷಯಕ್ಕೆ ಸೋಮವಾರ ರಜೆ ಹಾಕಿ ಊರಿಗೆ ಹೋಗುತ್ತಿದ್ದೇನೆ. ಆಶಾ ಕಾರ್ಯಕರ್ತೆಯನ್ನೂ ಕೇಳುತ್ತೇನೆ. ಆದರೆ ಯಾರಾದರೂ ಸಿಗುವವರೆಗೆ ರಾತ್ರಿಗೆ ಏನು ಮಾಡಲಿ? ನಿನ್ನೆಯೂ ಎರಡು ಗಂಟೆಗೆ ಅಮ್ಮ ಫೋನ್ ಮಾಡಿದರು. ಅಪ್ಪ ಬಾವಿ ಕಟ್ಟೆ ಮೇಲೆ ಕೂತಿದ್ದರಂತೆ.

ಸಾಗರದ ಸೊಸೆ:
ಅತ್ತೆಯೂ ಹೀಗೇ ಹೊರಡುತ್ತಿದ್ದರು, ತವರಿಗೆ ಹೋಗುತ್ತೇನೆ ಅಂತ. ಮೊದಲು ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿ, ನಾಳೆಯೇ. ಬಾಗಿಲಿಗೆ ಈಗಿರುವ ಚಿಲಕದ ಜೊತೆ ಕೆಳಗೆ, ನೆಲದಿಂದ ಒಂದು ಗೇಣು ಮೇಲೆ ಇನ್ನೊಂದು ಹಾಕಿಸಿ. ಅಲ್ಲಿ ಹುಡುಕಬೇಕು ಅಂತ ಅತ್ತೆಗೆ ಹೊಳೆಯುತ್ತಿರಲಿಲ್ಲ. ಅಂಗಿಯ ಒಳಗಡೆ ಫೋನ್ ನಂಬರು ಹೊಲಿದಿಡಿ. ಎದ್ದಾಗ ತಡೆದು ಜಗಳ ಮಾಡಬೇಡಿ ಅಂತ ಅಮ್ಮನಿಗೆ ಹೇಳಿ. "ಕಾಫಿ ಕುಡಿದು ಹೋಗೋಣ ಬನ್ನಿ" ಎಂದರೆ ಅತ್ತೆ ಬಂದು ಕೂರುತ್ತಿದ್ದರು, ಕುಡಿಯುವಷ್ಟರಲ್ಲಿ ಹೊರಟದ್ದೇ ಮರೆಯುತ್ತಿತ್ತು. ಮತ್ತೆ ಬಾಗಿಲಿಗೆ ಹಸುವಿನ ಕೊರಳ ಗಂಟೆ ಕಟ್ಟಿ. ಎಂಥಾ ನಿದ್ದೆಯಲ್ಲೂ ನನಗೆ ಎಚ್ಚರವಾಗುತ್ತಿತ್ತು. ನಮ್ಮದು ಅಟ್ಟದ ಮೇಲೇ ಇದೆ. ಬೇಕಿದ್ದರೆ ತೀರ್ಥಹಳ್ಳಿ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ.