ಅಪ್ಪಾಜಿಯನ್ನು ಫಾಲ್ಕರ್ಕ್‌ಗೆ ಕರೆದುಕೊಂಡು ಹೋಗಬೇಕು, ಸರಿ ಹೋಗುತ್ತಾ?

ನಿಟ್ಟುವಳ್ಳಿ ಹುಡುಗಿ:
ಮೇ ತಿಂಗಳಲ್ಲಿ ಅಪ್ಪಾಜಿ ದಾವಣಗೆರೆಯಿಂದ ಸ್ಕಾಟ್ಲೆಂಡಿನ ಗ್ಲಾಸ್ಗೋಗೆ, ನಮ್ಮನೆಗೆ ಬರುತ್ತಿದ್ದಾರೆ. ಹತ್ತಿ ಮಿಲ್ಲಿನಲ್ಲಿ 26 ವರ್ಷ ಫಿಟ್ಟರ್ ಆಗಿದ್ದವರು. ಕೋಟೆ ತೋರಿಸುತ್ತೇನೆ ಅಂದರೆ "ಚಿತ್ರದುರ್ಗ ನೋಡಿದ್ದೀನಲ್ಲಮ್ಮ" ಅಂತಾರೆ. ಮಿಲ್ ಮುಚ್ಚಿದ ಮೇಲೆ ಆ ರಸ್ತೆ ಕಡೆ ಹೋಗೋದನ್ನೇ ಬಿಟ್ಟಿದ್ದಾರೆ. ಕಾರ್ಖಾನೆ ನಿಂತ ಮೇಲೂ ಜೀವ ಉಳಿಸಿಕೊಂಡ ಒಂದು ಊರನ್ನು ಅವರಿಗೆ ತೋರಿಸಬೇಕು ಅಂತ ತುಂಬಾ ಆಸೆ. ಇಲ್ಲೇ ಹತ್ತಿರದ ಫಾಲ್ಕರ್ಕ್ ಪಟ್ಟಣ ಹೇಗೆ? ಅವರಿಗೆ ಮಂಡಿ ನೋವಿದೆ, ಜಾಸ್ತಿ ನಡೆಸೋಕಾಗಲ್ಲ.

ಹರಿಹರದ ಲೇತ್ ಮೇಷ್ಟ್ರು:
ತಂಗಿ, ಖಂಡಿತ ಕರೆದುಕೊಂಡು ಹೋಗಿ. ನಾನು ಮಗನ ಮನೆಗೆ ಹೋದಾಗ ಎರಡು ಸಲ ನೋಡಿ ಬಂದೆ.

ಅಲ್ಲಿ ಎರಡು ನಾಲೆ ಇವೆ. 1790ರ ಫೋರ್ತ್ ಅಂಡ್ ಕ್ಲೈಡ್ ನಾಲೆ ಕೆಳಗೆ, 1822ರ ಯೂನಿಯನ್ ನಾಲೆ ಮೇಲೆ. ನಮ್ಮ ಭದ್ರಾ ನಾಲೆ ಗದ್ದೆಗೆ ನೀರು ಕೊಡೋಕೆ, ಇವನ್ನು ತೋಡಿದ್ದು ದೋಣಿಯಲ್ಲಿ ಸರಕು ಸಾಗಿಸೋಕೆ. ಮೊದಲು ಕೆಳಗಿನ ನಾಲೆಯಿಂದ ಮೇಲಿನದಕ್ಕೆ ದೋಣಿ ಹತ್ತಿಸೋಕೆ 11 ಲಾಕ್, ಅಂದರೆ ಗೇಟು ಮುಚ್ಚಿ ನೀರಿನ ಮಟ್ಟ ಏರಿಸೋ ಕಟ್ಟೆಗಳನ್ನು, ದಾಟಿಸಬೇಕಿತ್ತು. ಹೆಚ್ಚು ಕಡಿಮೆ ಇಡೀ ದಿನದ ಕೆಲಸ. 1933ರಲ್ಲಿ ಅದು ನಿಂತುಹೋಯಿತು. 2002ರಲ್ಲಿ ಅದರ ಬದಲು ಫಾಲ್ಕರ್ಕ್ ವ್ಹೀಲ್ ಅನ್ನೋ 35 ಮೀಟರ್ ಎತ್ತರದ ಚಕ್ರ ಶುರು ಮಾಡಿದರು. ಅದರ ಎರಡು ತುದಿಗೂ ನೀರು ತುಂಬಿದ ಒಂದೊಂದು ತೊಟ್ಟಿ. ಚಕ್ರ ತಿರುಗಿ ತೊಟ್ಟಿ ಸಮೇತ ದೋಣಿಯನ್ನು ಎತ್ತಿ ಮೇಲೆ ಬಿಡುತ್ತದೆ!

ನಿಮ್ಮ ತಂದೆಗೆ ಇದನ್ನು ಹೇಳಿ. ದೋಣಿ ತೊಟ್ಟಿಯೊಳಗೆ ಬಂದಾಗ ತನ್ನ ತೂಕದಷ್ಟೇ ನೀರನ್ನು ಹೊರಗೆ ತಳ್ಳುತ್ತದೆ. ಹಾಗಾಗಿ ಎರಡೂ ಕಡೆ ತೂಕ ಸಮ. ಅರ್ಧ ಸುತ್ತಿಗೆ ಸುಮಾರು 1.5 ಯೂನಿಟ್ ಕರೆಂಟ್ ಸಾಕು. ತೊಟ್ಟಿ ವಾಲದಂತೆ ಹಲ್ಲುಚಕ್ರಗಳು ಹಿಡಿದುಕೊಂಡಿವೆ. ನಡುವಿನ ಹಲ್ಲುಚಕ್ರ 8 ಮೀಟರ್ ಅಗಲ, ಅದು ಮಾತ್ರ ಅಲ್ಲಾಡಲ್ಲ. ಉಕ್ಕಿನ ಭಾಗಗಳನ್ನು ಸೇರಿಸಿದ್ದು ವೆಲ್ಡಿಂಗ್‌ನಿಂದಲ್ಲ, ಬೋಲ್ಟ್‌ನಿಂದ. 15,000ಕ್ಕೂ ಜಾಸ್ತಿ ಬೋಲ್ಟ್, ಎಲ್ಲಾ ಕೈಯಲ್ಲೇ ಬಿಗಿ ಮಾಡಿದ್ದು. ಅದರ ಕೆಳಗೆ ನಿಂತಾಗ ನನಗೆ ಕಣ್ಣು ತುಂಬಿ ಬಂತು.

ಕ್ವೀನ್ ಸ್ಟ್ರೀಟ್ ಸ್ಟೇಷನ್‌ನಿಂದ ಫಾಲ್ಕರ್ಕ್ ಹೈ ಸ್ಟೇಷನ್‌ಗೆ ರೈಲು ಸಿಗುತ್ತದೆ. ನಾಲೆ ದಂಡೆ ಮೇಲೆ ನಡೆದೂ ಹೋಗಬಹುದು, ಆದರೆ ಮಂಡಿ ನೋವು ಅಂದಿರಲ್ಲ, ಟ್ಯಾಕ್ಸಿ ಮಾಡಿ. ದೋಣಿ ಟಿಕೆಟ್ ಮೊದಲೇ ತೆಗೆದಿಡಿ. ಕೂತಲ್ಲೇ ಮೇಲೆ ಹೋಗಿ ಇಳಿದು ಬರಬಹುದು.

ಕೋಟೆ ರಸ್ತೆ:
ಕೆಲ್ಪೀಸ್ ಬಿಡಬೇಡಿ ಅಕ್ಕ. 30 ಮೀಟರ್ ಎತ್ತರದ ಎರಡು ಉಕ್ಕಿನ ಕುದುರೆ ತಲೆಗಳು. ಹಿಂದೆ ನಾಲೆ ದೋಣಿಗಳನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದ ಕುದುರೆಗಳ ನೆನಪಿಗೆ.

ಹರಿಹರದ ಲೇತ್ ಮೇಷ್ಟ್ರು:
ಇನ್ನೊಂದು ಮಾತು. ಕ್ಯಾರನ್ ಕಬ್ಬಿಣದ ಕಾರ್ಖಾನೆ 1759ರಲ್ಲಿ ಅಲ್ಲೇ ಶುರುವಾಗಿದ್ದು. ಫಿರಂಗಿ ಎರಕ ಹೊಯ್ದು ಹೆಸರು ಮಾಡಿತ್ತು, 1982ರಲ್ಲಿ ದಿವಾಳಿ ಆಯಿತು. ಗೇಟಿನ ಗಡಿಯಾರ ಗೋಪುರ ಇನ್ನೂ ಇದೆ. ಅಪ್ಪಾಜಿಗೆ ಮಿಲ್ ನೆನಪಾಗಿ ಬೇಸರ ಆಗಬಹುದು. ಆದರೂ ಅಲ್ಲಿ ಐದು ನಿಮಿಷ ನಿಲ್ಲಿಸಿ.

ನಿಟ್ಟುವಳ್ಳಿ ಹುಡುಗಿ:
ತುಂಬಾ ಥ್ಯಾಂಕ್ಸ್ ಸರ್. ನಿನ್ನೆ ಫೋನಿನಲ್ಲಿ ಎಲ್ಲಾ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದರು. ಆಮೇಲೆ "ಆ ಬೋಲ್ಟ್ ಎಷ್ಟು ಸೈಜಂತೆ, ಕೇಳು" ಅಂದರು. ಟಿಕೆಟ್ ಇವತ್ತೇ ತೆಗೆಯುತ್ತೇನೆ.